ಮಕ್ಕಳ ಇಟ್ಟಿಗೆಯಾಟ: ಹೊಸತೋ, ಹಳತೋ?

ಪುಷ್ಯ ಮಾಸದಲ್ಲಿ ಸುತ್ತೂರಿನ ಜಾತ್ರೆ ನೆರೆಯಿತೆಂದರೆ ಗುಂಡ್ಲುಪೇಟೆ, ನಂಜನಗೂಡು, ಚಾಮರಾಜನಗರ ಸೀಮೆಯ ಮಕ್ಕಳಿಗೆ ಎರಡು ಬಗೆಯ ಸಂಭ್ರಮ. ಒಂದು ತೇರು, ಇನ್ನೊಂದು ತೇರಿನ ಹಾದಿಯ ಆಟಿಕೆಯಂಗಡಿ. ಹಿಂದೆ ಆ ಅಂಗಡಿಗಳಲ್ಲಿ ಬುಗುರಿ, ಪೀಪಿ, ಗಿಲಕಿ, ಮರದ ಕುದುರೆಗಳೇ ಹೆಚ್ಚಾಗಿ ಕಾಣುತ್ತಿದ್ದವು. ಈಗ ಅವುಗಳ ಪಕ್ಕದಲ್ಲಿಯೇ ಚೀಲದಲ್ಲಿ ಕಟ್ಟಿ ತೂಗುಹಾಕಿದ ಬಣ್ಣಬಣ್ಣದ ಪ್ಲಾಸ್ಟಿಕ್ ಇಟ್ಟಿಗೆಗಳು ಕಾಣುತ್ತವೆ. ಒಂದರ ಮೇಲೊಂದನ್ನು ಒತ್ತಿದರೆ ಹಿಡಿದುಕೊಳ್ಳುವ, ಎಳೆದರೆ ಬಿಟ್ಟುಕೊಡುವ ಈ ಪುಟ್ಟ ಇಟ್ಟಿಗೆಗಳಿಂದ ಮಗುವು ಮನೆ ಕಟ್ಟುತ್ತದೆ, ಸೇತುವೆ ಕಟ್ಟುತ್ತದೆ, ಗೋಪುರ ಕಟ್ಟುತ್ತದೆ. ಕೆಡವಿ ಮತ್ತೆ ಕಟ್ಟುತ್ತದೆ.

ಈ ಆಟಿಕೆಯ ವಿಷಯದಲ್ಲಿ ಗೃಹಸ್ಥರು ನಮ್ಮೊಡನೆ ಪ್ರಸ್ತಾಪಿಸುವ ಪ್ರಶ್ನೆಯೊಂದುಂಟು. ಬೆಂಗಳೂರಿನಲ್ಲಿರುವ ನೆಂಟರ ಮನೆಯಲ್ಲಿ ಮಗು ಇಂತಹ ಇಟ್ಟಿಗೆಗಳನ್ನು ಕಂಡು ಬಂದಿರುತ್ತದೆ. ತನಗೂ ಬೇಕೆಂದು ಹಟ ಹಿಡಿದಿರುತ್ತದೆ. ಒಳ್ಳೆಯ ಹೆಸರಿನ ಹೊಸ ಪೆಟ್ಟಿಗೆಗೆ ಕೆಲವು ಸಾವಿರ ರೂಪಾಯಿಗಳಾಗುತ್ತವೆ. ಅದೇ ನೆಂಟರು, "ನಮ್ಮ ಹುಡುಗ ದೊಡ್ಡವನಾದ, ಇದನ್ನು ನೀವೇ ಇಟ್ಟುಕೊಳ್ಳಿ" ಎಂದು ಹಳೆಯದೊಂದು ಚೀಲವನ್ನು ಮುಂದಿಡುತ್ತಾರೆ. ಜಾತ್ರೆಯಲ್ಲಿಯೋ ಪೇಟೆಯಲ್ಲಿಯೋ ಹೆಸರಿಲ್ಲದ ಹೊಸ ಇಟ್ಟಿಗೆಗಳು ಅಗ್ಗಕ್ಕೆ ದೊರೆಯುತ್ತವೆ. ಈ ಮೂರರಲ್ಲಿ ಯಾವುದನ್ನು ಆರಿಸಬೇಕು? ಇದು ಚಿಲ್ಲರೆ ಪ್ರಶ್ನೆಯೆಂದು ತಳ್ಳಿಹಾಕುವಂತಿಲ್ಲ. ಮಗುವಿನ ಆರೋಗ್ಯ, ಮನೆಯ ಆದಾಯವ್ಯಯ, ಬಂಧುಗಳ ನಡುವಣ ಮಾನಮರ್ಯಾದೆ ಈ ಮೂರೂ ಇದರಲ್ಲಿ ಅಡಗಿವೆ.

ಇಟ್ಟಿಗೆಯಾಟದ ಹಿನ್ನೆಲೆ

ಮಕ್ಕಳ ಕೈಗೆ ಕಟ್ಟುವ ಆಟಿಕೆಯನ್ನು ಶಿಕ್ಷಣದ ಸಾಧನವೆಂದು ವಿಚಾರಪೂರ್ವಕವಾಗಿ ಕೊಟ್ಟವರಲ್ಲಿ ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್ ಪ್ರಮುಖರು. ಶಿಶುವಿಹಾರ ಪದ್ಧತಿಯ ಜನಕರೆನಿಸಿದ ಅವರು ೧೮೩೭ರಲ್ಲಿ ಬಾಡ್ ಬ್ಲಾಂಕೆನ್‌ಬರ್ಗ್ ಎಂಬ ಊರಿನಲ್ಲಿ ತಮ್ಮ ಸಂಸ್ಥೆಯನ್ನು ಆರಂಭಿಸಿದರು. ಅವರು ರೂಪಿಸಿದ ಆಟಿಕೆಗಳಲ್ಲಿ ಒಂದು, ಎಂಟು ಸಣ್ಣ ಘನಗಳಾಗಿ ಬಿಡಿಯಾಗುವ ಮರದ ಘನ. ಮಗು ಅದನ್ನು ಬಿಡಿಸಿ ಬೇಕಾದುದನ್ನು ಕಟ್ಟಬೇಕು. ಆಟ ಮುಗಿದೊಡನೆ ಎಂಟನ್ನೂ ಕೂಡಿಸಿ ಮತ್ತೆ ಇಡಿಯ ಘನವನ್ನಾಗಿ ಪೆಟ್ಟಿಗೆಯಲ್ಲಿಡಬೇಕು. ಬಿಡಿಯಿಂದ ಇಡಿ, ಇಡಿಯಿಂದ ಬಿಡಿ ಎಂಬ ತಿಳಿವಳಿಕೆ ಉಪದೇಶವಿಲ್ಲದೆಯೇ ಮಗುವಿನ ಕೈಗೆ ಹತ್ತುತ್ತಿತ್ತು.

ಇಂದು ಜಗತ್ತಿನಾದ್ಯಂತ ಹೆಸರಾಗಿರುವ ಲೆಗೊ ಇಟ್ಟಿಗೆ ಹುಟ್ಟಿದ್ದು ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಸಣ್ಣ ಊರಿನ ಬಡಗಿಯೊಬ್ಬರ ಕಾರ್ಯಾಗಾರದಲ್ಲಿ. ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಎಂಬ ಆ ಬಡಗಿ ೧೯೩೨ರಲ್ಲಿ ಮರದ ಆಟಿಕೆಗಳನ್ನು ಮಾಡತೊಡಗಿದರು. 'ಚೆನ್ನಾಗಿ ಆಡು' ಎಂಬ ಅರ್ಥದ ಡೇನಿಷ್ ಮಾತಿನಿಂದ 'ಲೆಗೊ' ಎಂಬ ಹೆಸರು ಬಂದಿತು. ೧೯೪೯ರಲ್ಲಿ ಅವರು ಪ್ಲಾಸ್ಟಿಕ್ ಇಟ್ಟಿಗೆಗಳನ್ನು ತಯಾರಿಸಲಾರಂಭಿಸಿದರು. ಬ್ರಿಟನ್ನಿನ ಹಿಲರಿ ಫಿಷರ್ ಪೇಜ್ ಎಂಬವರು ಅದಕ್ಕೂ ಮೊದಲೇ ರೂಪಿಸಿದ್ದ ಇಟ್ಟಿಗೆಯೇ ಇವುಗಳಿಗೆ ಮಾದರಿ. ಆ ಇಟ್ಟಿಗೆಗಳು ಒಳಗೆ ಟೊಳ್ಳಾಗಿದ್ದುದರಿಂದ ಬಿಗಿಯಾಗಿ ಹಿಡಿದುಕೊಳ್ಳುತ್ತಿರಲಿಲ್ಲ. ಓಲೆ ಕಿರ್ಕ್ ಅವರ ಮಗ ಗಾಟ್‌ಫ್ರೆಡ್ ಇಟ್ಟಿಗೆಯ ಒಳಗೆ ಕೊಳವೆಗಳನ್ನಿಡುವ ಉಪಾಯವನ್ನು ಕಂಡುಕೊಂಡು, ೧೯೫೮ರ ಜನವರಿ ೨೮ರಂದು ಅದರ ಹಕ್ಕುಪತ್ರಕ್ಕೆ ಅರ್ಜಿ ಸಲ್ಲಿಸಿದರು.

ನಮ್ಮ ಪ್ರಶ್ನೆಗೆ ಸಂಬಂಧಿಸಿದ ಮುಖ್ಯ ವಿಷಯ ಇಲ್ಲಿದೆ. ಆ ೧೯೫೮ರ ಅಳತೆ ಇಂದಿಗೂ ಬದಲಾಗಿಲ್ಲ. ಒಂದು ಗುಬ್ಬಿಯ ನಡುವಿನಿಂದ ಇನ್ನೊಂದು ಗುಬ್ಬಿಯ ನಡುವಿಗೆ ೮ ಮಿಲಿಮೀಟರ್. ಇಟ್ಟಿಗೆಯ ಎತ್ತರ ೯.೬ ಮಿಲಿಮೀಟರ್. ಅರುವತ್ತು ವರ್ಷಗಳ ಹಿಂದಿನ ಇಟ್ಟಿಗೆಯ ಮೇಲೆ ಈ ವರ್ಷದ ಇಟ್ಟಿಗೆಯನ್ನು ಒತ್ತಿದರೆ ಅದು ಕೂರುತ್ತದೆ. ಹಳೆಯ ಗಡಿಯಾರಕ್ಕೆ ಹೊಸ ಬಿಡಿಭಾಗ ಸಿಕ್ಕುವುದಿಲ್ಲ. ಹಳೆಯ ಅಂಗಿ ಬೆಳೆಯುವ ಮಗುವಿಗೆ ಸಾಲುವುದಿಲ್ಲ. ಆದರೆ ಒಳ್ಳೆಯ ತಯಾರಿಕೆಯ ಹಳೆಯ ಇಟ್ಟಿಗೆ ಹೊಸ ಇಟ್ಟಿಗೆಯೊಡನೆ ಸಮಸಮನಾಗಿ ನಿಲ್ಲುತ್ತದೆ. ಆದುದರಿಂದ ಇತರ ಆಟಿಕೆಗಳ ವಿಷಯದಲ್ಲಿ ಹೊಸದು ಹಳೆಯದೆಂದು ನಾವು ಮಾಡುವ ಭೇದವನ್ನು ಇಲ್ಲಿಗೆ ಹಾಗೆಯೇ ತರುವುದು ಉಚಿತವಲ್ಲ.

ಹಳೆಯದೆಂಬ ಸಂಕೋಚ

ತೆರಕಣಾಂಬಿಯ ಕಡೆಯ ಒಕ್ಕಲು ಮನೆಯೊಂದರಲ್ಲಿ ಈ ಮಾತು ಬಂದುದನ್ನು ನಾವು ಕೇಳಿದ್ದೇವೆ. ಅರಿಶಿನದ ಬೆಲೆ ಒಂದು ವರ್ಷ ಏರಿ, ಮರುವರ್ಷ ಇಳಿಯುವ ಬದುಕು ಅವರದು. ಮಗ ಕೇಳಿದನೆಂದು ತಂದೆ ಕಂತಿನ ಮೇಲೆ ಹೊಸ ಪೆಟ್ಟಿಗೆ ತರಿಸಲು ಸಿದ್ಧನಾಗಿದ್ದ. ತಾಯಿ ಬೆಂಗಳೂರಿನ ತನ್ನ ಅಣ್ಣನ ಮನೆಯ ಹಳೆಯ ಚೀಲವೇ ಸಾಕೆನ್ನುತ್ತಿದ್ದಳು. ಮನೆಯ ಹಿರಿಯ ಅಜ್ಜಿಗೆ ಅದು ಸರಿಬೀಳಲಿಲ್ಲ.

"ಬುದ್ಧೀ, ಯಾರೋ ಆಡಿ ಬಿಟ್ಟದ್ದ ನಮ್ಮ ಕೂಸು ಯಾಕೆ ಆಡಬೇಕು? ನಮಗೇನು ಗತಿ ಇಲ್ಲವಾ?" ಎಂದು ಆಕೆ ಕೇಳಿದರು.

"ಅವ್ವಾ, ಈ ಕೂಸು ಮಲಗಿದ ತೊಟ್ಟಿಲು ಯಾವ ಮನೆಯದು?" ಎಂದು ನಾವು ಕೇಳಿದೆವು.

ಆ ತೊಟ್ಟಿಲು ಅಜ್ಜಿಯ ತವರಿನದು. ಮೂರು ತಲೆಮಾರಿನ ಮಕ್ಕಳು ಅದರಲ್ಲಿ ಮಲಗಿದ್ದರು. ಪ್ರತಿ ಹೆರಿಗೆಗೂ ಅದು ಮನೆಯಿಂದ ಮನೆಗೆ ಹೋಗಿ ಬರುತ್ತಿತ್ತು. ಅಜ್ಜಿ ನಕ್ಕರು, ಆದರೆ ಒಪ್ಪಲಿಲ್ಲ. "ತೊಟ್ಟಿಲು ಬೇರೆ ಬುದ್ಧೀ. ಅದ ಕೊಟ್ಟವರು ನಮ್ಮನ್ನ ಕೀಳಾಗಿ ಕಾಣಲಿಲ್ಲ" ಎಂದರು.

ಆ ತಾಯಿಯ ಮಾತಿನಲ್ಲಿ ತೂಕವಿದೆ. ಹಳೆಯ ವಸ್ತುವೆಂಬ ಕಾರಣಕ್ಕೆ ಆಕೆಗೆ ನೋವಾಗಿರಲಿಲ್ಲ. ಕೊಡುವವರು ಕೊಡುವ ರೀತಿಯ ಬಗ್ಗೆ ಆಕೆಗೆ ಅಳುಕಿತ್ತು. ನಮ್ಮ ಮನೆಗಳಲ್ಲಿ ಎಳೆಗೂಸಿಗೆ ಮೊದಲು ಹಳೆಯ ಮೆತ್ತನೆಯ ಬಟ್ಟೆಯನ್ನೇ ತೊಡಿಸುವ ರೂಢಿಯುಂಟು. ಮಠಗಳ ವಿದ್ಯಾರ್ಥಿನಿಲಯಗಳಲ್ಲಿ ಓದಿದವರಿಗೆಲ್ಲ ಗೊತ್ತು: ಮೇಲಿನ ತರಗತಿಗೆ ಹೋದವನ ಪಠ್ಯಪುಸ್ತಕ ಕೆಳಗಿನ ತರಗತಿಯವನ ಕೈಸೇರುತ್ತಿತ್ತು. ನಾವೂ ಹಾಗೆಯೇ ಓದಿದವರು. ಪುಸ್ತಕದ ಮೊದಲ ಪುಟದಲ್ಲಿ ನಾಲ್ಕೈದು ಹೆಸರುಗಳಿರುತ್ತಿದ್ದವು. ನಮ್ಮ ಹೆಸರು ಬರೆಯಲು ಜಾಗ ಹುಡುಕಬೇಕಾಗುತ್ತಿತ್ತು. ಅದರಿಂದ ವಿದ್ಯೆಗೆ ಕುಂದು ಬರಲಿಲ್ಲ, ಮಾನಕ್ಕೂ ಕುಂದು ಬರಲಿಲ್ಲ. ಏಕೆಂದರೆ ಅಲ್ಲಿ ಪಡೆದವನೇ ಮರುವರ್ಷ ಕೊಡುವವನಾಗುತ್ತಿದ್ದ.

ಬೆಲೆಯ ಲೆಕ್ಕ

ಈಗ ಹಣದ ಮಾತಿಗೆ ಬರೋಣ. ವಿದೇಶಿ ಆಟಿಕೆಗಳು ನಮ್ಮಲ್ಲಿ ದುಬಾರಿಯಾಗಲು ಒಂದು ಕಾರಣ ಆಮದು ಸುಂಕ. ಕೇಂದ್ರ ಸರ್ಕಾರವು ೨೦೨೦ರಲ್ಲಿ ಆಟಿಕೆಗಳ ಸುಂಕವನ್ನು ಶೇಕಡಾ ೨೦ರಿಂದ ೬೦ಕ್ಕೂ, ೨೦೨೩ರಲ್ಲಿ ೭೦ಕ್ಕೂ ಏರಿಸಿತು. ದೇಶೀಯ ತಯಾರಿಕೆಗೆ ಉತ್ತೇಜನ ನೀಡುವುದು ಇದರ ಉದ್ದೇಶ. ನಮ್ಮ ನಾಡಿನಲ್ಲಿಯೇ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಆಟಿಕೆ ತಯಾರಿಕೆಯ ನೆಲೆಯೊಂದು ರೂಪುಗೊಂಡಿದೆ.

ಹೊಸ ಪೆಟ್ಟಿಗೆ ಕೊಳ್ಳುವವರು ಮೇಲಿನ ಚಿತ್ರವನ್ನು ನೋಡಿ ಮರುಳಾಗುತ್ತಾರೆ. ವಿಮಾನದ ಚಿತ್ರವಿದ್ದರೆ ಒಳಗಿನ ತುಂಡುಗಳು ಆ ವಿಮಾನಕ್ಕೆಂದೇ ಮಾಡಿದವು. ಒಮ್ಮೆ ಕಟ್ಟಿ ಕಪಾಟಿನ ಮೇಲಿಟ್ಟರೆ ಆಟ ಮುಗಿಯಿತು. ಮಗುವಿಗೆ ಬೇಕಾದುದು ಸಾದಾ ಇಟ್ಟಿಗೆಗಳು, ಸಾಕಷ್ಟು ಸಂಖ್ಯೆಯಲ್ಲಿ. ನಾಲ್ಕು ಗುಬ್ಬಿಗಳ ಎರಡು ಸಾಲುಳ್ಳ, ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು ೨೪ ವಿಧಗಳಲ್ಲಿ ಜೋಡಿಸಬಹುದು. ಮೂರನ್ನು ೧,೦೬೦ ವಿಧಗಳಲ್ಲಿ. ಆರು ಇಟ್ಟಿಗೆಗಳಿದ್ದರೆ ಜೋಡಣೆಯ ವಿಧಗಳು ೯೧,೫೧,೦೩,೭೬೫ ಎಂದು ಗಣಿತಜ್ಞರು ಲೆಕ್ಕ ಹಾಕಿದ್ದಾರೆ. ಆರೇ ಇಟ್ಟಿಗೆಗಳಲ್ಲಿ ತೊಂಬತ್ತೊಂದು ಕೋಟಿಗೂ ಮೀರಿದ ರೂಪಗಳಿರುವಾಗ, ಪೆಟ್ಟಿಗೆಯ ಮೇಲಿನ ಒಂದು ಚಿತ್ರಕ್ಕಾಗಿ ಹೆಚ್ಚು ಹಣ ತೆರುವುದು ಅನಾವಶ್ಯಕ.

ಹಳೆಯ ಇಟ್ಟಿಗೆಗಳನ್ನು ನಗರಗಳಲ್ಲಿ ತೂಕಕ್ಕೆ ಮಾರುವುದುಂಟು. ಮೇಲೆ ಹೇಳಿದ ಅಳತೆಯ ಇಟ್ಟಿಗೆಯೊಂದು ಸುಮಾರು ೨.೩ ಗ್ರಾಂ ತೂಗುತ್ತದೆ. ಅಂದರೆ ಅಂತಹವೇ ಇದ್ದರೆ ಒಂದು ಕಿಲೋಗ್ರಾಮಿಗೆ ಸುಮಾರು ೪೩೦ ಇಟ್ಟಿಗೆಗಳು; ಸಣ್ಣ ತುಂಡುಗಳು ಬೆರೆತಿದ್ದರೆ ಇನ್ನೂ ಹೆಚ್ಚು. ಒಂದು ಮಗುವಿನ ಆಟಕ್ಕೆ ಒಂದು ಕಿಲೋ ಧಾರಾಳವಾಯಿತು. ಕೊಳ್ಳುವ ಮುನ್ನ ಅದೇ ಸಂಖ್ಯೆಯ ಹೊಸ ಇಟ್ಟಿಗೆಗಳ ಬೆಲೆಯೊಡನೆ ಹೋಲಿಸಿ ನೋಡುವುದು ಜಾಣತನ. ಅರ್ಧಕ್ಕಿಂತ ಹೆಚ್ಚು ಬೆಲೆ ಹೇಳಿದರೆ ಹಳೆಯದನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ. ತಯಾರಿಕೆ ನಿಂತುಹೋದ ಹಳೆಯ ಪೆಟ್ಟಿಗೆಗಳನ್ನು ಒಡೆಯದೆ ಇಟ್ಟು, ಬೆಲೆ ಏರಿದ ಮೇಲೆ ಮಾರುವವರೂ ಇದ್ದಾರೆ. ಅದು ವ್ಯಾಪಾರಸ್ಥರ ದಾರಿ. ಮಗುವುಳ್ಳ ಸಂಸಾರಕ್ಕೆ ಅದರ ಗೊಡವೆ ಬೇಡ.

ಹಳೆಯದರಲ್ಲಿರುವ ಅಪಾಯ

ಹಾಗೆಂದು ಹಳೆಯದೆಲ್ಲ ಒಳ್ಳೆಯದೆಂದು ಭಾವಿಸುವುದೂ ತಪ್ಪು. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ವಿಜ್ಞಾನಿ ಆಂಡ್ರ್ಯೂ ಟರ್ನರ್ ಅವರು ಮನೆಗಳು, ಶಿಶುವಿಹಾರಗಳು ಮತ್ತು ಹಳೆಯ ಸಾಮಾನಿನ ಅಂಗಡಿಗಳಿಂದ ಸುಮಾರು ೨೦೦ ಹಳೆಯ ಪ್ಲಾಸ್ಟಿಕ್ ಆಟಿಕೆಗಳನ್ನು ಸಂಗ್ರಹಿಸಿ ಪರೀಕ್ಷಿಸಿದರು. ೨೦೧೮ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸೀಸ, ಕ್ಯಾಡ್ಮಿಯಂ ಮುಂತಾದ ಹಾನಿಕರ ಧಾತುಗಳು ಹಲವು ಆಟಿಕೆಗಳಲ್ಲಿ ಕಂಡುಬಂದವು. ಕೆಂಪು, ಹಳದಿ ಮತ್ತು ಕಪ್ಪು ಬಣ್ಣದವುಗಳಲ್ಲಿ ಅವುಗಳ ಪ್ರಮಾಣ ಹೆಚ್ಚಾಗಿತ್ತು. ೧೯೭೦ ಮತ್ತು ೮೦ರ ದಶಕಗಳ ಕಟ್ಟುವ ಇಟ್ಟಿಗೆಗಳೂ ಆ ಪಟ್ಟಿಯಲ್ಲಿದ್ದವು. ಆ ಕಾಲದಲ್ಲಿ ಪ್ಲಾಸ್ಟಿಕ್ಕಿಗೆ ಗಾಢವಾದ ಕೆಂಪು, ಹಳದಿ ಬಣ್ಣ ಬರಿಸಲು ಕ್ಯಾಡ್ಮಿಯಮ್ಮಿನ ವರ್ಣದ್ರವ್ಯಗಳನ್ನು ಬಳಸುತ್ತಿದ್ದುದೇ ಇದಕ್ಕೆ ಕಾರಣ.

ಮುಟ್ಟಿದ ಮಾತ್ರಕ್ಕೆ ಇವು ಮೈಗೆ ಸೇರುವುದಿಲ್ಲ. ಮಗು ಆಟಿಕೆಯನ್ನು ಬಾಯಲ್ಲಿಟ್ಟು ಚೀಪಿದಾಗ, ಕಚ್ಚಿ ಚೂರನ್ನು ನುಂಗಿದಾಗ ಜೊಲ್ಲಿನ ಮತ್ತು ಜಠರರಸದ ಮೂಲಕ ಸ್ವಲ್ಪಸ್ವಲ್ಪವಾಗಿ ದೇಹವನ್ನು ಸೇರುವ ಸಂಭವವಿದೆ. ಆದುದರಿಂದ ವಿದೇಶದಲ್ಲಿದ್ದ ಬಂಧುಗಳು ತಮ್ಮ ಬಾಲ್ಯದ ಇಟ್ಟಿಗೆಗಳನ್ನು ಪ್ರೀತಿಯಿಂದ ಕೊಟ್ಟರೂ, ಅವು ಆ ದಶಕಗಳವಾದರೆ ನೆನಪಿಗೆಂದು ಇಟ್ಟುಕೊಳ್ಳಬಹುದು. ಮಗುವಿನ ಕೈಗೆ ಕೊಡಬಾರದು.

ಬಣ್ಣ ಬಳಿದ ಹಳೆಯ ಮರದ ದಿಮ್ಮಿಗಳ ವಿಷಯದಲ್ಲಿಯೂ ಎಚ್ಚರ ಬೇಕು. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷದಲ್ಲಿ ೯೦ ಭಾಗವನ್ನು ಮೀರಬಾರದೆಂಬ ೨೦೧೬ರ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು ೨೦೧೭ರ ನವೆಂಬರಿನಲ್ಲಿ. ಅದಕ್ಕೂ ಮೊದಲು ಮನೆಯ ಬಾಗಿಲಿಗೆ ಬಳಿದು ಉಳಿದ ಬಣ್ಣವನ್ನೇ ಮಕ್ಕಳ ದಿಮ್ಮಿಗೂ ಬಳಿದಿರಬಹುದು. ಬಣ್ಣ ಚಕ್ಕೆಯೇಳುತ್ತಿರುವ ಹಳೆಯ ದಿಮ್ಮಿಯನ್ನು ಎಷ್ಟೇ ತೊಳೆದರೂ ಅದು ಮಗುವಿಗೆ ತಕ್ಕುದಾಗದು.

ಇತ್ತೀಚಿನ ವರ್ಷಗಳಲ್ಲಿ ಅಯಸ್ಕಾಂತದಿಂದ ಅಂಟಿಕೊಳ್ಳುವ ಕಟ್ಟುವ ಫಲಕಗಳೂ ಬಂದಿವೆ. ಇವನ್ನು ಹಳೆಯದಾಗಿ ಕೊಳ್ಳುವುದು ಸರ್ವಥಾ ಬೇಡ. ಫಲಕ ಬಿರುಕುಬಿಟ್ಟರೆ ಒಳಗಿನ ಸಣ್ಣ ಅಯಸ್ಕಾಂತ ಹೊರಬರುತ್ತದೆ. ಎರಡನ್ನು ಮಗು ನುಂಗಿದರೆ ಅವು ಕರುಳಿನ ಎರಡು ಸುತ್ತುಗಳ ನಡುವೆ ಒಂದನ್ನೊಂದು ಸೆಳೆದು ಕರುಳನ್ನೇ ತೂತುಮಾಡಬಲ್ಲವು. ಹಾಗೆ ನುಂಗಿರುವ ಶಂಕೆ ಬಂದರೆ ಹೊಟ್ಟೆನೋವು ಬರಲೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಹೊಸದರಲ್ಲಿರುವ ಅಪಾಯ

ಹೊಸದೆಂಬ ಒಂದೇ ಕಾರಣಕ್ಕೆ ಯಾವುದೂ ನಿರ್ದೋಷವಾಗುವುದಿಲ್ಲ. ಆಟಿಕೆಗಳ ಗುಣಮಟ್ಟದ ಬಗ್ಗೆ ಕೇಂದ್ರ ಸರ್ಕಾರವು ೨೦೨೦ರಲ್ಲಿ ಆದೇಶವೊಂದನ್ನು ಹೊರಡಿಸಿತು. ಅದು ೨೦೨೧ರ ಜನವರಿ ೧ರಿಂದ ಜಾರಿಯಲ್ಲಿದೆ. ೧೪ ವರ್ಷದೊಳಗಿನ ಮಕ್ಕಳ ಆಟಿಕೆಗಳ ಮೇಲೆ ಐ.ಎಸ್.ಐ. ಮುದ್ರೆ ಇರತಕ್ಕದ್ದೆಂಬುದು ಅದರ ಸಾರ. ವಿದ್ಯುತ್ತಿನ ಸಂಪರ್ಕವಿಲ್ಲದ ಆಟಿಕೆಗಳಿಗೆ ಐ.ಎಸ್. ೯೮೭೩ ಎಂಬ ಮಾನಕ ಅನ್ವಯಿಸುತ್ತದೆ. ಮುದ್ರೆಯ ಕೆಳಗೆ ತಯಾರಕರ ಪರವಾನಗಿ ಸಂಖ್ಯೆಯಿರುತ್ತದೆ. ಭಾರತೀಯ ಮಾನಕ ಸಂಸ್ಥೆಯ 'ಬಿಐಎಸ್ ಕೇರ್' ಎಂಬ ಮೊಬೈಲ್ ಅನ್ವಯದಲ್ಲಿ ಆ ಸಂಖ್ಯೆಯನ್ನು ನಮೂದಿಸಿದರೆ ಪರವಾನಗಿ ನಿಜವೋ ಅಲ್ಲವೋ ತಿಳಿಯುತ್ತದೆ. ಮನೆಯ ಓದಿದ ಮಕ್ಕಳು ಇದನ್ನು ಕ್ಷಣಮಾತ್ರದಲ್ಲಿ ಮಾಡಿಕೊಡಬಲ್ಲರು.

ಜಾತ್ರೆಯಲ್ಲಿ ತೂಗುಹಾಕಿದ ಚೀಲದ ಮೇಲೆ ಮುದ್ರೆಯೂ ಇಲ್ಲ, ತಯಾರಕರ ಹೆಸರೂ ಇಲ್ಲ ಎಂದಾದರೆ ಅದನ್ನು ಕೊಳ್ಳದಿರುವುದೇ ಲೇಸು. ಅಂತಹ ಇಟ್ಟಿಗೆಗಳು ಹಲವು ಸಲ ಅಳತೆಗೆಟ್ಟಿರುತ್ತವೆ: ಒಂದು ಸಡಿಲ, ಇನ್ನೊಂದು ಬಿಗಿ. ಕಟ್ಟಿದ ಗೋಪುರ ತಾನೇ ಬಿದ್ದರೆ ಮಗು ತನ್ನ ಕೈಗೇ ಕಟ್ಟಲು ಬರುವುದಿಲ್ಲವೆಂದು ತಿಳಿದು ಆಟವನ್ನೇ ಬಿಡುತ್ತದೆ. ಪ್ಲಾಸ್ಟಿಕ್ ಪೆಡಸಾಗಿದ್ದರೆ ಮುರಿದ ಅಂಚು ಕೈ ಕುಯ್ಯುತ್ತದೆ.

ಹೀಗೆ ಎರಡು ಕಡೆಯ ಗುಣದೋಷಗಳನ್ನು ತೂಗಿ ನೋಡಿದಾಗ ನಮಗೆ ತೋರುವ ನಿರ್ಣಯವಿದು. ಹೊಸದೇ ಹಳೆಯದೇ ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಇದರ ಮೂಲ ಗೊತ್ತಿದೆಯೇ ಎಂಬುದು. ಯಾರು ಮಾಡಿದ್ದು, ಯಾವ ಕಾಲದಲ್ಲಿ ಕೊಂಡದ್ದು, ಯಾವ ಮನೆಯಲ್ಲಿ ಆಡಿದ್ದು ಎಂಬುದು ತಿಳಿದಿದ್ದರೆ ಹಳೆಯದೂ ಗ್ರಾಹ್ಯ. ತಿಳಿಯದಿದ್ದರೆ ಹೊಸದೂ ತ್ಯಾಜ್ಯ. ಹೆಸರೂ ಇಲ್ಲದ, ಕಾಲವೂ ತಿಳಿಯದ ಹಳೆಯದಂತೂ ಎಲ್ಲಕ್ಕಿಂತ ಕಡೆ.

ಚನ್ನಪಟ್ಟಣದ ಮರದ ಆಟಿಕೆ

ಇನ್ನೂ ಮಾತು ಬಾರದ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಕೂಸಿಗೆ ಏನು ಕೊಡಬೇಕು? ಇದಕ್ಕೆ ಉತ್ತರ ಹುಡುಕಿ ದೂರ ಹೋಗಬೇಕಾಗಿಲ್ಲ. ಗುಂಡ್ಲುಪೇಟೆಯಿಂದ ೬೦ ಕಿಲೋಮೀಟರ್ ಹೋದರೆ ಮೈಸೂರು. ಅಲ್ಲಿಂದ ಬೆಂಗಳೂರಿನ ಹಾದಿಯಲ್ಲಿ ಚನ್ನಪಟ್ಟಣ. ಅಲ್ಲಿಯ ಕುಶಲಕರ್ಮಿಗಳು ಹಾಲೆಮರದ ಬಿಳಿಯ ಮರವನ್ನು ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿಹಿಡಿಯುತ್ತಾರೆ. ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಅರಿಶಿನದಂತಹ ಸಸ್ಯಮೂಲದ ಬಣ್ಣಗಳನ್ನು ಬಳಸುವ ಕುಶಲಕರ್ಮಿಗಳೂ ಅಲ್ಲಿದ್ದಾರೆ. ಈ ಆಟಿಕೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ನೋಂದಾಯಿತ ಕುಶಲಕರ್ಮಿಗಳು ತಯಾರಿಸಿದ ಆಟಿಕೆಗಳಿಗೂ, ಭೌಗೋಳಿಕ ಸೂಚಕವಿರುವವುಗಳಿಗೂ ಮೇಲೆ ಹೇಳಿದ ಆದೇಶದಿಂದ ವಿನಾಯಿತಿ ದೊರೆತಿರುವುದರಿಂದ ಅವುಗಳ ಮೇಲೆ ಐ.ಎಸ್.ಐ. ಮುದ್ರೆ ಇಲ್ಲದಿದ್ದರೂ ಶಂಕಿಸಬೇಕಾಗಿಲ್ಲ.

ಒಂದು ಸೂಕ್ಷ್ಮವನ್ನು ಮಾತ್ರ ಗಮನಿಸಬೇಕು. ಕಡೆತದ ಯಂತ್ರದಲ್ಲಿ ತಿರುಗಿಸಬಹುದಾದುದು ಗುಂಡಗಿನ ವಸ್ತು. ಚೌಕದ ದಿಮ್ಮಿಗೆ ಬಣ್ಣವಿದ್ದರೆ ಅದು ಯಾವ ಬಣ್ಣವೆಂದು ಅಂಗಡಿಯವರನ್ನು ಕೇಳಿ ತಿಳಿಯಬೇಕು. ಸ್ಪಷ್ಟವಾದ ಉತ್ತರ ದೊರೆಯದಿದ್ದರೆ ಬಣ್ಣವಿಲ್ಲದ, ಅಂಚನ್ನು ನುಣುಪಾಗಿ ಉಜ್ಜಿದ ದಿಮ್ಮಿಗಳನ್ನೇ ತರುವುದು ಒಳ್ಳೆಯದು. ಪರಿಚಯದ ಬಡಗಿಯಿದ್ದರೆ ಉಳಿದ ಮರದ ತುಂಡುಗಳಿಂದ ಇಪ್ಪತ್ತು ಮೂವತ್ತು ದಿಮ್ಮಿಗಳನ್ನು ಒಂದೇ ಅಳತೆಗೆ ಕೊಯ್ಸಿಕೊಳ್ಳಬಹುದು. ಲೆಗೊ ಸಂಸ್ಥೆಯ ಮೂಲಪುರುಷನೂ ಬಡಗಿಯೇ ಎಂಬುದನ್ನು ಮರೆಯಬಾರದು.

ಮನೆಯಲ್ಲಿಯೇ ಪರೀಕ್ಷೆ

ಹಳೆಯ ಚೀಲ ಮನೆಗೆ ಬಂದಾಗ ಗೃಹಿಣಿಯರು ಮಾಡಬೇಕಾದ ಪರೀಕ್ಷೆ ಕಷ್ಟದ್ದಲ್ಲ. ಅಕ್ಕಿ ಹಸನು ಮಾಡುವ ತಾಳ್ಮೆಯಿದ್ದರೆ ಸಾಕು.

ಮೊದಲನೆಯದಾಗಿ, ಎಲ್ಲವನ್ನೂ ಬಿಳಿಯ ಬಟ್ಟೆಯ ಮೇಲೆ ಸುರಿದು ಹರಡಬೇಕು. ಲೆಗೊ ಇಟ್ಟಿಗೆಯ ಪ್ರತಿಯೊಂದು ಗುಬ್ಬಿಯ ಮೇಲೂ ಆ ಹೆಸರು ಸಣ್ಣದಾಗಿ ಮೂಡಿರುತ್ತದೆ. ಬೇರೆ ತಯಾರಕರ ಹೆಸರಿರುವವನ್ನೂ, ಹೆಸರೇ ಇಲ್ಲದವನ್ನೂ ಬೇರೆಬೇರೆಯಾಗಿ ಆರಿಸಿಡಬೇಕು. ಬೇರೆಬೇರೆ ತಯಾರಿಕೆಯವು ಒಂದಕ್ಕೊಂದು ಸರಿಯಾಗಿ ಹೊಂದದೆ ಆಟ ಕೆಡುವುದುಂಟು.

ಎರಡನೆಯದಾಗಿ, ಒಂದೊಂದನ್ನೂ ಬೆಳಕಿಗೆ ಹಿಡಿದು ಮೂಲೆಗಳನ್ನು ನೋಡಬೇಕು. ಬಿರುಕು ಬಿಟ್ಟದ್ದನ್ನೂ, ಹಲ್ಲಿನ ಕಚ್ಚಿದ ಗುರುತಿರುವುದನ್ನೂ ತೆಗೆದಿಡಬೇಕು. ಬಿಳಿಯ ಇಟ್ಟಿಗೆ ಹಳದಿಗೆ ತಿರುಗಿದ್ದರೆ ಅದು ಬಿಸಿಲಿನಲ್ಲಿ ಬಿದ್ದಿತ್ತೆಂದು ಅರ್ಥ. ಅಂತಹುದು ಪೆಡಸಾಗಿರಬಹುದಾದ್ದರಿಂದ ಒತ್ತಿ ನೋಡಬೇಕು.

ಮೂರನೆಯದಾಗಿ, ಹಿಡಿತದ ಪರೀಕ್ಷೆ. ಹತ್ತು ಇಟ್ಟಿಗೆಗಳನ್ನು ಒಂದರ ಮೇಲೊಂದು ಜೋಡಿಸಿ, ಮೇಲಿನದನ್ನು ಮಾತ್ರ ಹಿಡಿದೆತ್ತಬೇಕು. ಉಳಿದವು ಕಳಚದೆ ಬಂದರೆ ಹಿಡಿತ ಸರಿಯಾಗಿದೆ.

ನಾಲ್ಕನೆಯದಾಗಿ, ಅಳತೆಯ ಪರೀಕ್ಷೆ. ಮೂರು ವರ್ಷದೊಳಗಿನ ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳಬಹುದಾದ ವಸ್ತುವನ್ನು ಗುರುತಿಸಲು ಪರೀಕ್ಷಾಲಯಗಳಲ್ಲಿ ಸುಮಾರು ೩೨ ಮಿಲಿಮೀಟರ್ ಅಗಲದ ಕೊಳವೆಯನ್ನು ಬಳಸುತ್ತಾರೆ. ಹತ್ತು ರೂಪಾಯಿ ನಾಣ್ಯದ ಅಡ್ಡಳತೆ ೨೭ ಮಿಲಿಮೀಟರ್. ಅದಕ್ಕಿಂತ ಸ್ವಲ್ಪ ಅಗಲವೆಂದು ಭಾವಿಸಿದರಾಯಿತು. ಆ ಕೊಳವೆಯೊಳಗೆ ಇಳಿಯುವುದೆಲ್ಲ ಎಳೆಯ ಮಗುವಿಗೆ ಅಪಾಯಕರ. ಸಾಮಾನ್ಯ ಲೆಗೊ ಇಟ್ಟಿಗೆ ಅದರೊಳಗೆ ಇಳಿಯುತ್ತದೆ. ಅದಕ್ಕೆಂದೇ ಆ ಸಂಸ್ಥೆ ೧೯೬೯ರಲ್ಲಿ ಡ್ಯೂಪ್ಲೊ ಎಂಬ, ಎಲ್ಲ ಅಳತೆಯಲ್ಲಿಯೂ ಎರಡರಷ್ಟಿರುವ ಇಟ್ಟಿಗೆಯನ್ನು ಹೊರತಂದಿತು. ಮಗು ಬೆಳೆದ ಮೇಲೆ ಅದರ ಮೇಲೆ ಸಣ್ಣ ಇಟ್ಟಿಗೆಗಳನ್ನೂ ಕೂರಿಸಬಹುದು.

ಕೊನೆಯದಾಗಿ, ತೊಳೆಯುವುದು. ೪೦ ಡಿಗ್ರಿಗೆ ಮೀರದ ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಸೋಪು ಬೆರೆಸಿ, ಅರ್ಧ ಗಂಟೆ ನೆನೆಯಿಟ್ಟು, ಮೃದುವಾದ ಬ್ರಷ್ಷಿನಿಂದ ಉಜ್ಜಿ, ನೆರಳಿನಲ್ಲಿ ಹರಡಿ ಒಣಗಿಸಬೇಕು. ಶುದ್ಧವಾಗಲೆಂದು ಕುದಿಯುವ ನೀರಿಗೆ ಹಾಕಿದರೆ ಇಟ್ಟಿಗೆ ಸೊಟ್ಟಗಾಗಿ ಮತ್ತೆ ಕೂರುವುದಿಲ್ಲ. ಉರಿಬಿಸಿಲಿನಲ್ಲಿ ಒಣಗಿಸಿದರೆ ಬಣ್ಣಗೆಡುತ್ತದೆ.

ಕೊಡುವವರಿಗೆ ಎರಡು ಮಾತು

ಪಡೆಯುವವರಿಗೆ ಇಷ್ಟು ಹೇಳಿದ ಮೇಲೆ ಕೊಡುವವರಿಗೂ ಹೇಳಬೇಕಾದುದಿದೆ. ಅಟ್ಟದ ಮೂಲೆಯಲ್ಲಿ ಧೂಳು ಹಿಡಿದದ್ದನ್ನು ಹಾಗೆಯೇ ಚೀಲಕ್ಕೆ ತುಂಬಿ ಬಡ ನೆಂಟರ ಕೈಗಿಡುವುದು ದಾನವೂ ಅಲ್ಲ, ದಾಸೋಹವೂ ಅಲ್ಲ. ಮನೆಯ ಕಸ ತೆಗೆದದ್ದು ಮಾತ್ರ. ಮುರಿದವನ್ನು ಆರಿಸಿ ತೆಗೆದು, ತೊಳೆದು ಒಣಗಿಸಿ, ಒಂದು ಒಳ್ಳೆಯ ಡಬ್ಬಿಯಲ್ಲಿಟ್ಟು ಕೊಡಬೇಕು. ಯಾವ ವರ್ಷ ಕೊಂಡದ್ದೆಂಬುದನ್ನು ಮರೆಮಾಚದೆ ತಿಳಿಸಬೇಕು. ನಾಲ್ಕು ಜನರ ಮುಂದೆ "ಇದು ಅಷ್ಟು ಸಾವಿರದ್ದು" ಎಂದು ಬೆಲೆ ಸಾರಬಾರದು. ಸಾಧ್ಯವಾದರೆ ತಮ್ಮ ಮಗುವಿನ ಕೈಯಿಂದಲೇ ಕೊಡಿಸಿ, ಎರಡು ಮಕ್ಕಳನ್ನೂ ಒಂದು ಗಳಿಗೆ ಕೂರಿಸಿ ಆಡಿಸಬೇಕು. ಆಗ ಅದು ಉಳ್ಳವರು ಇಲ್ಲದವರಿಗೆ ಕೊಟ್ಟ ವಸ್ತುವಾಗದೆ, ಅಣ್ಣ ತಮ್ಮನಿಗೆ ಕೊಟ್ಟ ವಸ್ತುವಾಗುತ್ತದೆ. ತೆರಕಣಾಂಬಿಯ ಆ ಅಜ್ಜಿ ಕೇಳಿದ್ದೂ ಇದನ್ನೇ.

ಕೊಡದೆ ಎಸೆಯುವುದಂತೂ ಕೂಡದು. ಇದೇ ಟರ್ನರ್ ಅವರ ತಂಡ ಸಮುದ್ರತೀರಕ್ಕೆ ಬಂದು ಬಿದ್ದಿದ್ದ ಲೆಗೊ ಇಟ್ಟಿಗೆಗಳನ್ನು ಪರೀಕ್ಷಿಸಿ, ಅಂತಹ ಇಟ್ಟಿಗೆಯೊಂದು ಕಡಲಿನಲ್ಲಿ ೧೦೦ರಿಂದ ೧,೩೦೦ ವರ್ಷಗಳವರೆಗೆ ಉಳಿಯಬಹುದೆಂದು ೨೦೨೦ರಲ್ಲಿ ಅಂದಾಜು ಮಾಡಿತು. ನಮ್ಮ ತಾಲ್ಲೂಕಿಗೆ ಕಡಲು ದೂರ; ಆದರೆ ಬಂಡೀಪುರದ ಕಾಡು ಮಗ್ಗುಲಲ್ಲಿಯೇ ಇದೆ. ಅಷ್ಟು ಕಾಲ ಬಾಳುವ ವಸ್ತುವನ್ನು ಒಂದು ಮಗು ಐದಾರು ವರ್ಷ ಆಡಿ, ಆಮೇಲೆ ಅದು ತಿಪ್ಪೆಗೋ ಕಾಡಂಚಿಗೋ ಸೇರುವುದು ಅನ್ಯಾಯ. ಹತ್ತು ಮಕ್ಕಳ ಕೈ ಬದಲಾದರೂ ಸವೆಯದ ಆಟಿಕೆಯನ್ನು ಹತ್ತು ಮಕ್ಕಳಿಗೂ ತಲುಪಿಸುವುದೇ ಅದಕ್ಕೆ ತಕ್ಕ ನ್ಯಾಯ.

ಸಂಗ್ರಹವಾಗಿ

ಮೂರು ವರ್ಷ ತುಂಬದ ಮಗುವಿಗೆ ಹೊಸದನ್ನೇ ಕೊಡಿ: ನಂಬಿಕೆಯ ಚನ್ನಪಟ್ಟಣದ ಆಟಿಕೆ, ಬಣ್ಣವಿಲ್ಲದ ಮರದ ದಿಮ್ಮಿ ಅಥವಾ ಐ.ಎಸ್.ಐ. ಮುದ್ರ‍ೆಯ ದೊಡ್ಡ ಇಟ್ಟಿಗೆ. ನಾಲ್ಕು ವರ್ಷ ದಾಟಿ, ಬಾಯಿಗಿಡುವ ಅಭ್ಯಾಸ ಬಿಟ್ಟ ಮಗುವಿಗೆ, ಮೂಲ ತಿಳಿದ, ಇತ್ತೀಚಿನ ವರ್ಷಗಳ, ಒಳ್ಳೆಯ ತಯಾರಕರ ಹಳೆಯ ಇಟ್ಟಿಗೆಗಳನ್ನು ಪರೀಕ್ಷಿಸಿ ತೊಳೆದು ನಿಸ್ಸಂಕೋಚವಾಗಿ ಕೊಡಿ. ಹೊಸದೂ ಬೇಕೆಂಬ ಆಸೆ ಮಗುವಿಗಿದ್ದರೆ ಹುಟ್ಟುಹಬ್ಬಕ್ಕೆ ಒಂದು ಸಣ್ಣ ಹೊಸ ಪೆಟ್ಟಿಗೆಯನ್ನು ತಂದು ಹಳೆಯದರ ಜೊತೆ ಬೆರೆಸಿದರಾಯಿತು. ಎರಡೂ ಒಂದಾಗಿ ಕೂಡಿಕೊಳ್ಳುತ್ತವೆ. ಆಟಿಕೆಗಾಗಿ ಸಾಲ ಮಾಡಬೇಡಿ, ಕಂತು ಕಟ್ಟಬೇಡಿ. ಉಳಿದ ಹಣವನ್ನು ಮಗುವಿನ ಪುಸ್ತಕಕ್ಕೆ ಎತ್ತಿಡಿ.

ಎಲ್ಲಕ್ಕಿಂತ ಮಿಗಿಲಾಗಿ, ಕೊಟ್ಟ ಮೇಲೆ ದಿನಕ್ಕೆ ಅರ್ಧ ಗಂಟೆಯಾದರೂ ತಂದೆಯೋ ತಾಯಿಯೋ ಅಜ್ಜ ಅಜ್ಜಿಯರೋ ಮಗುವಿನ ಪಕ್ಕದಲ್ಲಿ ನೆಲದ ಮೇಲೆ ಕುಳಿತುಕೊಳ್ಳಿ. ಕಟ್ಟಿಕೊಡಲು ಹೋಗಬೇಡಿ, ಅದು ಕಟ್ಟಿದ್ದು ಏನೆಂದು ಕೇಳಿ, ಅದು ಹೇಳಿದ್ದನ್ನು ಆಲಿಸಿ. ಆಟ ಮುಗಿದ ಮೇಲೆ ಇಟ್ಟಿಗೆಗಳನ್ನು ಎಣಿಸಿ ಡಬ್ಬಿಗೆ ತುಂಬುವ ಕೆಲಸವನ್ನು ಮಾತ್ರ ಮಗುವಿಗೇ ಬಿಡಿ. ಇನ್ನೊಂದು ಮನೆಗೆ ಮುಂದೆ ಹೋಗಬೇಕಾದ ವಸ್ತುವಿದು, ಜೋಪಾನವಾಗಿಡು ಎಂದು ಹೇಳಿ. ಆ ಮಾತು ಮಗುವಿಗೆ ಅರ್ಥವಾಗುತ್ತದೆ.